ಮಕ್ಕಳ ಕಣ್ಣೂ ನಮಗೊಪ್ಪಿಸಿದ ಅಮಾನತ್

(ಈ ಸಾಲಿನ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನೇತ್ರತಜ್ಞೆಯೊಬ್ಬರು ಮಾಡಿದ ಭಾಷಣದ ಬರಹರೂಪ)





ಕಳೆದ ವರ್ಷ ವಿದ್ಯಾರ್ಥಿವೇತನದ ಸಂದರ್ಶನದ ದಿನ ಟ್ರಸ್ಟಿನವರು ನನ್ನನ್ನೂ ಕರೆದಿದ್ದರು. ಸಭಾಂಗಣದ ಒಂದು ಮೂಲೆಯಲ್ಲಿ ಅಕ್ಷರಗಳ ಚಾರ್ಟ್ ತೂಗುಹಾಕಿ, ಬಂದ ಮಕ್ಕಳ ಕಣ್ಣು ನೋಡುತ್ತಿದ್ದೆ. ಎಂಟನೇ ತರಗತಿಯ ಒಬ್ಬ ಹುಡುಗಿ ತನ್ನ ಉಮ್ಮನ ಜೊತೆ ಬಂದಳು. ಐದನೇ ತರಗತಿಯವರೆಗೆ ಅವಳೇ ತರಗತಿಗೆ ಮೊದಲಿಗಳು. ಆರನೆಯದರಿಂದ ಅಂಕ ಇಳಿಯುತ್ತಾ ಬಂದಿತ್ತು. ಗಣಿತದಲ್ಲಿ ತೊಂಬತ್ತು ತೆಗೆಯುತ್ತಿದ್ದವಳು ನಲವತ್ತಕ್ಕೆ ಬಂದಿದ್ದಳು. “ಇವಳಿಗೆ ಓದಿನಲ್ಲಿ ಮನಸ್ಸೇ ಇಲ್ಲ ಡಾಕ್ಟ್ರೇ” ಎಂದರು ಉಮ್ಮ. ಶಾಲೆಯಲ್ಲೂ ಹಾಗೇ ಹೇಳಿದ್ದರಂತೆ.

ಹುಡುಗಿಯನ್ನು ಇಪ್ಪತ್ತು ಅಡಿ ದೂರದಲ್ಲಿ ನಿಲ್ಲಿಸಿದೆ. ಚಾರ್ಟಿನ ತುದಿಯಲ್ಲಿರುವ ದೊಡ್ಡ ಅಕ್ಷರವೊಂದನ್ನು ಬಿಟ್ಟರೆ ಬೇರೇನೂ ಓದಲಾಗಲಿಲ್ಲ. ಪರೀಕ್ಷಿಸಿದಾಗ ಎರಡೂ ಕಣ್ಣಿಗೆ ಮೈನಸ್ 3.5 ನಂಬರು. ಅಂದರೆ ಅವಳಿಗೆ ಸ್ಪಷ್ಟವಾಗಿ ಕಾಣುವುದು ಮೂಗಿನ ಮುಂದಿನ ಒಂದು ಅಡಿಯಷ್ಟೇ. ಕಪ್ಪುಹಲಗೆಯ ಲೆಕ್ಕವನ್ನು ಎರಡು ವರ್ಷ ಅವಳು ಪಕ್ಕದ ಗೆಳತಿಯ ಪುಸ್ತಕ ನೋಡಿ ಬರೆದುಕೊಂಡಿದ್ದಳು. “ಯಾಕಮ್ಮಾ ಹೇಳಲಿಲ್ಲ?” ಎಂದು ಕೇಳಿದರೆ, “ಎಲ್ಲರಿಗೂ ಹೀಗೇ ಕಾಣುವುದು ಅಂದುಕೊಂಡಿದ್ದೆ” ಎಂದಳು.

ದಾನಿಗಳಿಗೆ ಇನ್ನೊಂದು ವಿಷಯ ಹೇಳಬೇಕು. ಅಂದು ಅವಳ ಅರ್ಜಿ ಇದ್ದದ್ದು ‘ಅಂಕ ಕಡಿಮೆ’ ಎಂದು ಬದಿಗಿಟ್ಟ ಕಟ್ಟಿನಲ್ಲಿ. ಯಾರಿಗೂ ಅನ್ಯಾಯ ಮಾಡುವ ಉದ್ದೇಶವಿರಲಿಲ್ಲ. ನಿಯಮದ ಪ್ರಕಾರ ಅದು ಸರಿಯಾದ ಕಟ್ಟೇ. ಆದರೆ ನಾವು ಕಣ್ಣಿನ ನಂಬರನ್ನು ಬುದ್ಧಿಯ ಅಂಕವೆಂದು ಓದಿಬಿಟ್ಟಿದ್ದೆವು. ಆ ದಿನದಿಂದ ಈ ವಿಷಯವನ್ನು ನಿಮ್ಮೆಲ್ಲರ ಮುಂದೆ ಮಾತನಾಡಬೇಕೆಂದು ಅಂದುಕೊಂಡಿದ್ದೆ.

ಕಣ್ಣಿನಲ್ಲಿ ಆಗುವುದೇನು?

ಹತ್ತನೇ ತರಗತಿಯ ಮಕ್ಕಳು ವಿಜ್ಞಾನ ಪುಸ್ತಕದಲ್ಲಿ ಸಮೀಪದೃಷ್ಟಿಯ ಪಾಠ ಓದಿರುತ್ತಾರೆ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ಮೈನಸ್ ಕನ್ನಡಕ ಹಾಕಿದರೆ ಸರಿ. ಪಾಠ ಅಲ್ಲಿಗೆ ಮುಗಿಯುತ್ತದೆ. ನಾನು ಹೇಳಬೇಕಾದದ್ದು ಅಲ್ಲಿಂದ ಮುಂದಿನದು.

ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದವಿರುತ್ತದೆ. ದೊಡ್ಡವರಾದಾಗ 23–24 ಮಿಲಿಮೀಟರ್ ಆಗುತ್ತದೆ. ಕೆಲವು ಮಕ್ಕಳಲ್ಲಿ ಈ ಬೆಳವಣಿಗೆ ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದುವರಿಯುತ್ತದೆ. ಕಣ್ಣು ಉದ್ದವಾದಾಗ ದೂರದ ಬಿಂಬ ಹಿಂಬದಿಯ ರೆಟಿನಾ ಎಂಬ ಪರದೆಯ ಮೇಲೆ ಬೀಳದೆ ಅದಕ್ಕಿಂತ ಮುಂದೆಯೇ ಬೀಳುತ್ತದೆ. ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಸುಮಾರು ಎರಡೂವರೆಯಿಂದ ಮೂರು ನಂಬರು. ಒಮ್ಮೆ ಉದ್ದವಾದ ಕಣ್ಣು ಮತ್ತೆ ಗಿಡ್ಡವಾಗುವುದಿಲ್ಲ.

ಹಾಗಾಗಿ ಕನ್ನಡಕ ಮಗುವಿಗೆ ದೂರದ್ದನ್ನು ತೋರಿಸುತ್ತದೆ, ನಿಜ. ಆದರೆ ಸಾಮಾನ್ಯ ಕನ್ನಡಕ ಕಣ್ಣು ಉದ್ದವಾಗುವುದನ್ನು ನಿಲ್ಲಿಸುವುದಿಲ್ಲ. ಏಳು ವರ್ಷಕ್ಕೇ ಮೈನಸ್ ನಂಬರು ಬಂದ ಮಗುವಿಗೆ ಮುಂದೆ ಹತ್ತು ವರ್ಷ ಅದು ಏರುವ ಅವಕಾಶವಿರುತ್ತದೆ. ಎಷ್ಟು ಬೇಗ ಶುರುವಾಗುತ್ತದೋ ಅಷ್ಟು ದೊಡ್ಡ ನಂಬರಿಗೆ ಹೋಗುವ ಭಯ ಹೆಚ್ಚು.

“ನಂಬರು ಏರಿದರೇನು, ಗಾಜು ಬದಲಿಸಿದರಾಯಿತು” ಎಂದು ಕೇಳಬಹುದು. ಮೈನಸ್ ಆರನ್ನು ದಾಟಿದ ಕಣ್ಣಿನ ಹಿಂಭಾಗ ಊದಿದ ಬಲೂನಿನಂತೆ ತೆಳುವಾಗಿರುತ್ತದೆ. ನಲವತ್ತು, ಐವತ್ತರ ವಯಸ್ಸಿನಲ್ಲಿ, ಅಂದರೆ ಮನೆಯ ಭಾರ ಹೊತ್ತಿರುವ ಕಾಲದಲ್ಲಿ, ರೆಟಿನಾ ಹರಿದು ಕಳಚಿಕೊಳ್ಳುವುದು, ಗ್ಲುಕೋಮಾ, ಬೇಗನೆ ಬರುವ ಪೊರೆ, ರೆಟಿನಾದ ನಡುಭಾಗ ಸವೆಯುವುದು ಇವೆಲ್ಲದರ ಅಪಾಯ ಅವರಿಗೆ ಹೆಚ್ಚು. ಇದರಲ್ಲಿ ಕೊನೆಯದಕ್ಕೆ ಕನ್ನಡಕವೂ ಇಲ್ಲ, ಪೂರ್ಣ ಪರಿಹಾರ ಕೊಡುವ ಆಪರೇಷನ್ನೂ ಇಲ್ಲ. ಮಗುವಿನ ಅಂತಿಮ ನಂಬರನ್ನು ಒಂದೇ ಒಂದರಷ್ಟು ಕಡಿಮೆ ಇರಿಸಿದರೂ ರೆಟಿನಾದ ನಡುಭಾಗದ ಈ ಹಾನಿಯ ಸಾಧ್ಯತೆ ಸುಮಾರು ಶೇ 40ರಷ್ಟು ಇಳಿಯುತ್ತದೆ ಎಂಬ ಲೆಕ್ಕಾಚಾರ 2019ರಲ್ಲಿ ಪ್ರಕಟವಾಗಿದೆ. ನಿಧಾನಗೊಳಿಸುವುದು ಎಂದರೆ ಇದಕ್ಕಾಗಿ.

ಅಸರಿನಿಂದ ಮಗ್ರಿಬಿನವರೆಗೆ

ಇದು ನಮ್ಮ ಮನೆಯ ಸಮಸ್ಯೆ ಮಾತ್ರವಲ್ಲ. ದೆಹಲಿ ನಗರದ ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರರಲ್ಲಿ ಏಳು ಮಕ್ಕಳಿಗೆ ಸಮೀಪದೃಷ್ಟಿ ಇತ್ತು. ಅದೇ ನಗರದ ಶಾಲಾಮಕ್ಕಳ ಬಗ್ಗೆ 2015ರಲ್ಲಿ ಬಂದ ವರದಿಯಲ್ಲಿ ನೂರರಲ್ಲಿ ಹದಿಮೂರು. ಎರಡೂ ಅಧ್ಯಯನಗಳ ವಿಧಾನ ಒಂದೇ ಅಲ್ಲ, ಆದರೂ ದಿಕ್ಕು ಕಾಣುತ್ತದೆ. ಹೀಗೇ ಸಾಗಿದರೆ 2050ರ ಹೊತ್ತಿಗೆ ಜಗತ್ತಿನ ಅರ್ಧದಷ್ಟು ಜನರಿಗೆ ಸಮೀಪದೃಷ್ಟಿ ಇರಬಹುದು ಎಂಬುದು 2016ರ ಒಂದು ಅಂದಾಜು.

ತಂದೆತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಆದರೆ ರಕ್ತ ಒಂದೇ ಕಾರಣವಲ್ಲ. ಸಿಂಗಾಪುರ ಮತ್ತು ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಹೋಲಿಸಿದ ಅಧ್ಯಯನ 2008ರಲ್ಲಿ ಬಂತು. ಒಂದೇ ಮೂಲದ ಜನ. ಎರಡೂ ಕಡೆ ತಂದೆತಾಯಿಗಳಲ್ಲಿ ಸಮೀಪದೃಷ್ಟಿ ಸುಮಾರು ಒಂದೇ ಪ್ರಮಾಣದಲ್ಲಿತ್ತು. ಆದರೆ ಸಿಂಗಾಪುರದ ಮಕ್ಕಳಲ್ಲಿ ಶೇ 29 ಮಂದಿಗೆ ಸಮೀಪದೃಷ್ಟಿ, ಸಿಡ್ನಿಯಲ್ಲಿ ಶೇ 3 ಮಂದಿಗೆ ಮಾತ್ರ. ಸಿಡ್ನಿಯ ಮಕ್ಕಳು ಓದಿನಲ್ಲೇನೂ ಹಿಂದಿರಲಿಲ್ಲ; ಪುಸ್ತಕಗಳನ್ನು ಅವರೇ ಹೆಚ್ಚು ಓದುತ್ತಿದ್ದರು. ಎದ್ದು ಕಂಡ ವ್ಯತ್ಯಾಸ ಒಂದು. ಅವರು ವಾರಕ್ಕೆ ಸುಮಾರು ಹದಿನಾಲ್ಕು ಗಂಟೆ ಬಯಲಿನಲ್ಲಿರುತ್ತಿದ್ದರು, ಸಿಂಗಾಪುರದ ಮಕ್ಕಳು ಮೂರು ಗಂಟೆ.

ಬಯಲಿನ ಬೆಳಕಿಗೂ ಮನೆಯೊಳಗಿನ ಬೆಳಕಿಗೂ ಇರುವ ಅಂತರ ನಮ್ಮ ಕಣ್ಣಿಗೆ ತಿಳಿಯುವುದಿಲ್ಲ, ಏಕೆಂದರೆ ಕಣ್ಣು ಹೊಂದಿಕೊಳ್ಳುತ್ತದೆ. ಚೆನ್ನಾಗಿ ಟ್ಯೂಬ್‌ಲೈಟ್ ಹಾಕಿದ ತರಗತಿಯಲ್ಲಿ ಬೆಳಕು 300ರಿಂದ 500 ಲಕ್ಸ್. ಮರದ ನೆರಳಿನಲ್ಲೂ ಅದು ಸಾವಿರಗಳಲ್ಲಿರುತ್ತದೆ, ಬಿಸಿಲಿನಲ್ಲಿ ಲಕ್ಷದ ಹತ್ತಿರ ಹೋಗುತ್ತದೆ. ಇಂಥ ಬೆಳಕು ಬಿದ್ದಾಗ ರೆಟಿನಾದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚು ಬಿಡುಗಡೆಯಾಗಿ, ಕಣ್ಣು ಅತಿಯಾಗಿ ಉದ್ದವಾಗುವುದಕ್ಕೆ ಕಡಿವಾಣ ಬೀಳುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ.

ಚೀನಾದ ಗುವಾಂಗ್‌ಝೌ ನಗರದ ಹನ್ನೆರಡು ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷದ ಹೆಚ್ಚುವರಿ ಬಯಲು ಪಾಠ ಕೊಟ್ಟರು. ಮೂರು ವರ್ಷದ ನಂತರ ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಶೇ 30 ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಶೇ 39ಕ್ಕೂ ಹೆಚ್ಚು ಮಕ್ಕಳಿಗೆ. ತೈವಾನ್ ದೇಶ 2010ರಿಂದ ದಿನಕ್ಕೆ 120 ನಿಮಿಷ ಮಕ್ಕಳು ಹೊರಗಿರಬೇಕೆಂದು ಶಾಲೆಗಳ ಮೂಲಕ ಕಾರ್ಯಕ್ರಮವನ್ನೇ ನಡೆಸುತ್ತಿದೆ.

ಈಗ ನಮ್ಮ ಮಗುವಿನ ದಿನಚರಿ ನೋಡೋಣ. ಬೆಳಿಗ್ಗೆ ಆರೂವರೆಗೆ ಮದ್ರಸ. ಅಲ್ಲಿಂದ ಓಡಿಬಂದು ತಿಂಡಿ ತಿಂದು ಬಸ್ಸು. ನಾಲ್ಕರವರೆಗೆ ಶಾಲೆ. ಐದಕ್ಕೆ ಟ್ಯೂಷನ್. ಮಗ್ರಿಬ್ ಬಾಂಗ್ ಆದ ಮೇಲೆ ಹೋಂವರ್ಕ್, ಊಟ, ನಡುವೆ ಸಿಕ್ಕಷ್ಟು ಮೊಬೈಲ್. ಇದರಲ್ಲಿ ಹಗಲ ಬೆಳಕು ಎಲ್ಲಿದೆ? ನಾವು ಮಕ್ಕಳ ಮೇಲಿನ ಪ್ರೀತಿಯಿಂದಲೇ, ಅವರು ಕಲಿಯಲಿ ಎಂಬ ಆಸೆಯಿಂದಲೇ, ಅಸರಿನಿಂದ ಮಗ್ರಿಬಿನವರೆಗಿನ ಆಟದ ಹೊತ್ತನ್ನು ಟ್ಯೂಷನ್ನಿಗೆ ಕೊಟ್ಟುಬಿಟ್ಟಿದ್ದೇವೆ. ನಾವು ಚಿಕ್ಕವರಿದ್ದಾಗ ಆ ಹೊತ್ತಿನಲ್ಲಿ ಗುಡ್ಡೆಯಲ್ಲಿ, ಗದ್ದೆಯಲ್ಲಿ, ಮಸೀದಿ ಪಕ್ಕದ ಬಯಲಿನಲ್ಲಿ ಇರುತ್ತಿದ್ದೆವು. ಬಾಂಗ್ ಕೇಳಿದ ಮೇಲೇ ಮನೆ. ಅದು ಕಣ್ಣಿಗೆ ಸಿಗುತ್ತಿದ್ದ ಔಷಧವೂ ಆಗಿತ್ತು ಎಂದು ಅಂದು ಯಾರಿಗೂ ಗೊತ್ತಿರಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಠಿಣ. ಹತ್ತು ವರ್ಷವಾಯಿತೆಂದರೆ “ಇನ್ನು ಹೊರಗೆ ಆಟ ಬೇಡ” ಎನ್ನುತ್ತೇವೆ. ನಂಬರು ವೇಗವಾಗಿ ಏರುವ ವಯಸ್ಸೂ ಹೆಚ್ಚುಕಡಿಮೆ ಅದೇ. ಕಣ್ಣಿಗೆ ಬೇಕಾದದ್ದು ಓಟವಲ್ಲ, ಬೆಳಕು. ಮನೆಯ ಅಂಗಳ, ತಾರಸಿ, ತೆಂಗಿನ ಮರದ ಬುಡ ಎಲ್ಲವೂ ಆಗುತ್ತದೆ. ತಲೆವಸ್ತ್ರ ಅಡ್ಡಿಯಲ್ಲ, ನೆರಳು ಅಡ್ಡಿಯಲ್ಲ. ಸುಡುವ ಬಿಸಿಲಿನಲ್ಲಿ ನಿಲ್ಲಿಸಬೇಕಾಗಿಲ್ಲ, ಸೂರ್ಯನನ್ನು ನೋಡಲೇಬಾರದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಜಗಲಿಯಲ್ಲಿ ಕೂರಿಸಿ, ಮಳೆ ಬಿಟ್ಟಾಗ ಅಂಗಳಕ್ಕೆ ಕಳುಹಿಸಿ. ಮೋಡ ಕವಿದ ಹಗಲಿನ ಬೆಳಕೂ ಟ್ಯೂಬ್‌ಲೈಟಿಗಿಂತ ಎಷ್ಟೋ ಹೆಚ್ಚು. ದಿನಕ್ಕೆ ಎರಡು ಗಂಟೆಯ ಗುರಿ ಇಟ್ಟುಕೊಳ್ಳಿ. ಒಂದೇ ಸಲಕ್ಕೆ ಆಗಬೇಕೆಂದಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಬಯಲಿನ ಬೆಳಕು ಹೆಚ್ಚು ಕೆಲಸ ಮಾಡುವುದು ಸಮೀಪದೃಷ್ಟಿ ಇನ್ನೂ ಬಾರದ ಮಕ್ಕಳಲ್ಲಿ, ಅದು ಬರುವುದನ್ನು ತಡೆಯಲು, ಮುಂದೂಡಲು. ಈಗಾಗಲೇ ನಂಬರು ಇರುವ ಮಗುವಿಗೆ ಅದೊಂದೇ ಸಾಲದು. ಹಾಗಾಗಿ ಮನೆಯಲ್ಲಿ ದೊಡ್ಡ ಮಗುವಿಗೆ ಕನ್ನಡಕ ಬಂದಿದ್ದರೆ ಚಿಕ್ಕದನ್ನು ಈಗಲೇ ಅಂಗಳಕ್ಕೆ ಕಳುಹಿಸಿ.

ಓದುವ ರೀತಿ

ಓದು ಬಿಡಿ ಎಂದು ನಾನು ಹೇಳುವುದಿಲ್ಲ. ವಿದ್ಯಾರ್ಥಿವೇತನದ ಸಭೆಯಲ್ಲಿ ಹಾಗೆ ಹೇಳಿದರೆ ಅಧ್ಯಕ್ಷರು ನನ್ನನ್ನು ಮತ್ತೆ ಕರೆಯಲಿಕ್ಕಿಲ್ಲ. ಪುಸ್ತಕ ಕಣ್ಣಿನಿಂದ ಒಂದಡಿ ದೂರವಿರಲಿ. ಅರ್ಧ ಗಂಟೆಗೊಮ್ಮೆ ಎದ್ದು ಕಿಟಕಿಯಾಚೆ ದೂರ ನೋಡಲಿ. ಮಲಗಿಕೊಂಡು, ಮಂದ ಬೆಳಕಿನಲ್ಲಿ ಓದುವುದು ಬೇಡ. ಮೊಬೈಲನ್ನು ಮಕ್ಕಳು ಪುಸ್ತಕಕ್ಕಿಂತಲೂ ಹತ್ತಿರ ಹಿಡಿಯುತ್ತಾರೆ. ಪಾಠದ ವಿಡಿಯೊ ನೋಡಲೇಬೇಕಿದ್ದರೆ ಟಿವಿಯಲ್ಲೋ ಕಂಪ್ಯೂಟರಿನಲ್ಲೋ ದೂರ ಇಟ್ಟು ನೋಡಲಿ.

ಹಿಫ್ಝ್ ಮಾಡುವ ಮಕ್ಕಳ ಬಗ್ಗೆ ಉಸ್ತಾದರಲ್ಲಿ ಒಂದು ವಿನಂತಿ. ದಿನಕ್ಕೆ ಹಲವು ಗಂಟೆ ಗ್ರಂಥದ ಮೇಲೆ ಬಾಗಿ ಓದುವ ಯಹೂದಿ ಧಾರ್ಮಿಕ ಶಾಲೆಗಳ ಹುಡುಗರಲ್ಲಿ ಸಮೀಪದೃಷ್ಟಿ ಅಂಥದೇ ಶಾಲೆಗಳ ಹುಡುಗಿಯರಿಗಿಂತಲೂ ಸಾಮಾನ್ಯ ಶಾಲೆಯ ಹುಡುಗರಿಗಿಂತಲೂ ಬಹಳ ಹೆಚ್ಚೆಂದು 1993ರಲ್ಲೇ ವರದಿಯಾಗಿತ್ತು. ನಮ್ಮ ಹಾಫಿಝ್ ಮಕ್ಕಳ ಶ್ರಮವೂ ಅಂಥದ್ದೇ. ರೆಹಾಲ್ ಎತ್ತರವಿರಲಿ, ಮಗು ಬೆನ್ನು ನೇರವಾಗಿಟ್ಟು ಕೂರಲಿ. ಹೊಸ ಪಾಠಕ್ಕೆ ಮುಸ್‌ಹಫ್ ಬೇಕು, ನಿಜ. ಆದರೆ ಬಾಯಿಪಾಠವಾದದ್ದನ್ನು ಮತ್ತೆ ಹೇಳಲು ಕಣ್ಣು ಬೇಕಾಗಿಲ್ಲ. ಆ ಹೊತ್ತಿನಲ್ಲಿ ಮಕ್ಕಳನ್ನು ಅಂಗಳದಲ್ಲಿ ನಡೆಯುತ್ತಾ ಹೇಳಿಸಿ. ಹಿಫ್ಝೂ ಆಗುತ್ತದೆ, ಕಣ್ಣಿಗೂ ಬೆಳಕು ಸಿಗುತ್ತದೆ.

ಕನ್ನಡಕದ ಬಗ್ಗೆ ಕೇಳುವ ಮಾತುಗಳು

“ಕನ್ನಡಕ ಹಾಕಿದರೆ ನಂಬರು ಹೆಚ್ಚುತ್ತದೆ, ಆದ್ದರಿಂದ ಕಡಿಮೆ ಪವರಿನದ್ದು ಕೊಡಿ” ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಮಲೇಷ್ಯಾದಲ್ಲಿ ಇದನ್ನೇ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಕೆಲವು ಮಕ್ಕಳಿಗೆ ಪೂರ್ತಿ ನಂಬರು, ಕೆಲವರಿಗೆ ಬೇಕೆಂದೇ ಕಡಿಮೆ ನಂಬರು. ಎರಡು ವರ್ಷದಲ್ಲಿ ಕಡಿಮೆ ನಂಬರಿನ ಮಕ್ಕಳ ಕಣ್ಣೇ ಹೆಚ್ಚು ಕೆಟ್ಟಿತ್ತು. ಬೇಕಾದಷ್ಟು ನಂಬರು ಕೊಡಿಸಿ, ದಿನವಿಡೀ ಹಾಕಿಸಿ.

“ಹುಡುಗಿಗೆ ಕನ್ನಡಕವಿದ್ದರೆ ನಾಳೆ ಮದುವೆಗೆ ತೊಂದರೆ” ಎಂಬುದು ಇನ್ನೊಂದು. ಇದನ್ನು ನನ್ನ ಮುಂದೆ ಮೆಲ್ಲಗೆ ಹೇಳುತ್ತಾರೆ, ಮಗಳು ಕೇಳಿಸಿಕೊಳ್ಳುತ್ತಿರುತ್ತಾಳೆ. ಅವಳು ಮರುದಿನದಿಂದ ಕನ್ನಡಕವನ್ನು ಚೀಲದಲ್ಲೇ ಇಡುತ್ತಾಳೆ. ನಾಳೆ ಬರುವ ಗಂಡಿಗಾಗಿ ಇಂದಿನ ಪಾಠ ಕಳೆದುಕೊಳ್ಳುವುದು ಯಾವ ನ್ಯಾಯ? ಹದಿನೆಂಟಾದ ಮೇಲೆ ಲೇಸರ್ ಮಾಡಿಸಿದರಾಯಿತು ಎನ್ನುವವರಿಗೂ ಒಂದು ಮಾತು. ಲೇಸರ್ ಕಣ್ಣಿನ ಮುಂಭಾಗದ ಆಕಾರ ತಿದ್ದಿ ಕನ್ನಡಕ ತೆಗೆಸುತ್ತದೆ. ಉದ್ದವಾದ ಕಣ್ಣು, ತೆಳುವಾದ ರೆಟಿನಾ ಹಾಗೇ ಉಳಿಯುತ್ತವೆ. ಲೇಸರ್ ಆದವರೂ ರೆಟಿನಾ ಪರೀಕ್ಷೆ ಮಾಡಿಸುತ್ತಿರಬೇಕು. ಕಣ್ಣಿನಲ್ಲಿ ಮಿಂಚು ಹೊಳೆದಂತಾದರೆ, ಕಪ್ಪು ಚುಕ್ಕಿಗಳು ಒಮ್ಮೆಲೇ ಹೆಚ್ಚಾದರೆ, ಪರದೆ ಬಿದ್ದಂತಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕ್ಯಾರೆಟ್, ಕಣ್ಣಿನ ವ್ಯಾಯಾಮ, ತೂತು ಕನ್ನಡಕ ಯಾವುದೂ ಬಂದ ನಂಬರನ್ನು ಇಳಿಸುವುದಿಲ್ಲ. ತರಕಾರಿ ತಿನ್ನಿಸಿ, ಒಳ್ಳೆಯದು. ಅದರಿಂದ ಕನ್ನಡಕ ಹೋಗುತ್ತದೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಹನಿ ಔಷಧ, ವಿಶೇಷ ಗಾಜು

ನಂಬರು ವೇಗವಾಗಿ ಏರುತ್ತಿರುವ ಮಕ್ಕಳಿಗೆ ಈಗ ಚಿಕಿತ್ಸೆಗಳಿವೆ. ಮೊದಲನೆಯದು ಬಹಳ ತೆಳುವಾಗಿಸಿದ ಅಟ್ರೋಪಿನ್ ಹನಿ, ರಾತ್ರಿ ಮಲಗುವಾಗ ಒಂದೊಂದು ತೊಟ್ಟು. ಹಾಂಕಾಂಗ್‌ನಲ್ಲಿ 4ರಿಂದ 12 ವರ್ಷದ ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧವಿಲ್ಲದ ಹನಿ ಹಾಕಿದ ಮಕ್ಕಳ ನಂಬರು ಒಂದು ವರ್ಷದಲ್ಲಿ 0.81 ಏರಿದರೆ, ಶೇ 0.05 ಅಟ್ರೋಪಿನ್ ಹಾಕಿದವರದ್ದು 0.27 ಮಾತ್ರ ಏರಿತು. ಇನ್ನೂ ತೆಳುವಾದ ಶೇ 0.01ರ ಹನಿಯ ಬಗ್ಗೆ ಫಲಿತಾಂಶ ಒಂದೇ ರೀತಿ ಇಲ್ಲ. ಭಾರತದ ಅಧ್ಯಯನದಲ್ಲಿ ಲಾಭ ಕಂಡಿದೆ, 2023ರ ಅಮೆರಿಕದ ಅಧ್ಯಯನದಲ್ಲಿ ಕಂಡಿಲ್ಲ. ಯಾವ ಮಗುವಿಗೆ ಯಾವ ಪ್ರಮಾಣ, ಎಷ್ಟು ವರ್ಷ ಎಂಬುದನ್ನು ವೈದ್ಯರೇ ಹೇಳಬೇಕು. ಅಂಗಡಿಯಿಂದ ನೀವಾಗಿ ತರಬೇಡಿ, ನೀವಾಗಿ ನಿಲ್ಲಿಸಲೂಬೇಡಿ. ಪರೀಕ್ಷೆಗೆ ಬಳಸುವ ಗಟ್ಟಿ ಅಟ್ರೋಪಿನ್ ಬೇರೆ. ಅದು ಚಿಕ್ಕ ಮಕ್ಕಳ ಕೈಗೆ ಸಿಕ್ಕರೆ ವಿಷ.

ಎರಡನೆಯದು ವಿಶೇಷ ಗಾಜಿನ ಕನ್ನಡಕ. ನಡುವಿನ ಭಾಗ ಸಾಮಾನ್ಯ ಗಾಜಿನಂತೆ, ಸುತ್ತಲೂ ನೂರಾರು ಸಣ್ಣ ಮಸೂರಗಳು. ಹಾಂಕಾಂಗ್‌ನಲ್ಲೇ ನಡೆದ ಎರಡು ವರ್ಷದ ಅಧ್ಯಯನದಲ್ಲಿ ಇದು ನಂಬರು ಏರುವ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಇದೇ ಉದ್ದೇಶದ ಕಾಂಟ್ಯಾಕ್ಟ್ ಲೆನ್ಸ್‌ಗಳೂ ಇವೆ, ಆದರೆ ಕೈ ತೊಳೆಯುವ ಶಿಸ್ತು ಇಲ್ಲದಿದ್ದರೆ ಕಣ್ಣಿಗೆ ಸೋಂಕು ತಗಲುತ್ತದೆ.

ಈ ಗಾಜುಗಳ ಬೆಲೆ ಸಾಮಾನ್ಯ ಕನ್ನಡಕದ ಹಲವು ಪಟ್ಟು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮನೆಗಳು ಇದಕ್ಕಾಗಿ ಸಾಲ ಮಾಡಬಾರದು. ಸರಿಯಾದ ನಂಬರಿನ ಸಾಮಾನ್ಯ ಕನ್ನಡಕ, ಹಗಲ ಬೆಳಕು, ವರ್ಷಕ್ಕೊಮ್ಮೆ ಪರೀಕ್ಷೆ, ಈ ಮೂರು ಮೊದಲು. ಹತ್ತು ವರ್ಷದೊಳಗಿನ ಮಗುವಿನ ನಂಬರು ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಏರುತ್ತಿದ್ದರೆ ಆಗ ಮುಂದಿನ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಿ.

ಮಕ್ಕಳ ಮೊದಲ ಪರೀಕ್ಷೆ ಕಣ್ಣಿಗೆ ಹನಿ ಹಾಕಿಯೇ ಆಗಬೇಕು. ಹನಿ ಹಾಕದೆ, ಬರೀ ಯಂತ್ರದಲ್ಲಿ ನೋಡಿದರೆ ಮಗುವಿನ ನಂಬರು ಇರುವುದಕ್ಕಿಂತ ಹೆಚ್ಚು ಬರಬಹುದು. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೇಳಿ. ಸರ್ಕಾರಿ ಶಾಲೆಗಳ ಮಕ್ಕಳನ್ನು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬಂದು ನೋಡುತ್ತದೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ತಂಡ ಕೊಟ್ಟ ಚೀಟಿಯನ್ನು ಪುಸ್ತಕದೊಳಗೆ ಮರೆತುಬಿಡಬೇಡಿ.

ಟ್ರಸ್ಟಿಗೆ ಮೂರು ವಿನಂತಿ

ಮೊದಲನೆಯದು, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ಕಣ್ಣಿನ ಪರೀಕ್ಷೆ ಮಾಡಿಸಿದ ದಿನಾಂಕ, ನಂಬರು. ಅಂಕ ದಿಢೀರನೆ ಇಳಿದ ಅರ್ಜಿಯನ್ನು ಕಣ್ಣಿನ ಪರೀಕ್ಷೆಯಾಗದೆ ಬದಿಗಿಡಬೇಡಿ.

ಎರಡನೆಯದು, ದಾನಿಗಳು ಕೊಡುವ ಹಣದಲ್ಲಿ ಒಂದು ಸಣ್ಣ ಪಾಲನ್ನು ಕನ್ನಡಕಕ್ಕೆ ತೆಗೆದಿಡಿ. ಬೆಳೆಯುವ ಮಗುವಿನ ನಂಬರು ಬದಲಾಗುತ್ತದೆ, ಫ್ರೇಮ್ ಮುರಿಯುತ್ತದೆ. ಹಾಗಾಗಿ ಒಮ್ಮೆ ಕೊಟ್ಟು ಕೈತೊಳೆಯುವ ಕೆಲಸ ಇದಲ್ಲ. ವೇಗವಾಗಿ ಏರುವ ಕೆಲವೇ ಮಕ್ಕಳಿಗೆ ಹನಿ ಔಷಧದ ಖರ್ಚು ಭರಿಸಿದರೆ ಇನ್ನೂ ಒಳ್ಳೆಯದು. ಝಕಾತ್ ಹಣದಿಂದ ಕೊಡಬಹುದೋ, ಸದಕದಿಂದ ಕೊಡಬೇಕೋ ಎಂಬುದನ್ನು ಉಲಮಾಗಳು ಹೇಳಲಿ, ಅದು ನನ್ನ ಕ್ಷೇತ್ರವಲ್ಲ. ಕನ್ನಡಕದ ಲಾಭ ಮಾತ್ರ ನಾನು ಹೇಳಬಲ್ಲೆ. ಪಶ್ಚಿಮ ಚೀನಾದ ಗ್ರಾಮೀಣ ಶಾಲೆಗಳಲ್ಲಿ ಉಚಿತ ಕನ್ನಡಕ ಕೊಟ್ಟಾಗ ಒಂದೇ ಶೈಕ್ಷಣಿಕ ವರ್ಷದಲ್ಲಿ ಗಣಿತದ ಅಂಕ ಏರಿದ್ದನ್ನು 2014ರಲ್ಲಿ ವರದಿ ಮಾಡಿದ್ದಾರೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಬೇಗ ಫಲ ಕೊಡುವ ವಿದ್ಯಾದಾನ ಹೆಚ್ಚಿಲ್ಲ.

ಮೂರನೆಯದಕ್ಕೆ ಹಣವೇ ಬೇಡ. ಟ್ರಸ್ಟಿನ ಸಹಾಯದಿಂದ ನಡೆಯುವ ಟ್ಯೂಷನ್ ತರಗತಿಗಳನ್ನು ಮಗ್ರಿಬಿನ ನಂತರಕ್ಕೆ ಬದಲಿಸಿ. ಅಸರಿನಿಂದ ಮಗ್ರಿಬಿನವರೆಗೆ ಮೈದಾನದ ಗೇಟು ತೆರೆದಿಡಿ. ವಾರದಲ್ಲಿ ಕೆಲವು ದಿನ ಅದು ಹೆಣ್ಣುಮಕ್ಕಳಿಗಾಗಿಯೇ ಇರಲಿ.

ಕೊನೆಯದಾಗಿ ಆ ಹುಡುಗಿಯ ವಿಷಯ. ಅವಳಿಗೆ ಕನ್ನಡಕ ಸಿಕ್ಕಿತು, ಅರ್ಜಿಯೂ ಆ ಕಟ್ಟಿನಿಂದ ಹೊರಬಂತು. ಈ ವರ್ಷ ಗಣಿತದಲ್ಲಿ ಅರವತ್ತೆರಡು ಬಂದಿದೆ. ತೊಂಬತ್ತು ಇನ್ನೂ ದೂರವಿದೆ. ಎರಡು ವರ್ಷ ಕಾಣದೆ ಹೋದ ಪಾಠಗಳನ್ನು ಕನ್ನಡಕ ಹಿಂದಕ್ಕೆ ತಂದುಕೊಡುವುದಿಲ್ಲ. ಆರನೇ ತರಗತಿಯಲ್ಲೇ ಯಾರಾದರೂ ಅವಳನ್ನು ಚಾರ್ಟಿನ ಮುಂದೆ ನಿಲ್ಲಿಸಿದ್ದರೆ ಅವು ಹೋಗುತ್ತಿರಲಿಲ್ಲ. ಈ ಸಭೆಯಲ್ಲಿ ಕುಳಿತಿರುವ ಮಕ್ಕಳಲ್ಲೂ ಅಂಥವರಿರಬಹುದು. ಸಭೆ ಮುಗಿದ ಮೇಲೆ ಊಟದ ಹಾಲಿನ ಪಕ್ಕದಲ್ಲಿ ನನ್ನ ಚಾರ್ಟ್ ತೂಗುಹಾಕಿದ್ದೇನೆ. ಯಾವ ಮಗುವೂ ಅದನ್ನು ಓದದೆ ಮನೆಗೆ ಹೋಗುವುದು ಬೇಡ. ತಂದೆತಾಯಂದಿರೂ ಓದಿ ನೋಡಬಹುದು.

ಅಲ್ಲಾಹನು ನಮ್ಮ ಮಕ್ಕಳ ಕಣ್ಣಿಗೂ ಅರಿವಿಗೂ ಬೆಳಕು ನೀಡಲಿ, ದಾನಿಗಳ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.